ಗ್ರಾಫೈಟ್ ಫರ್ನೇಸ್ ಎಎಎಸ್: ಹಲವು ವರ್ಷ ಬಳಸಿದ ಮೇಲೆ

ಗ್ರಾಫೈಟ್ ಫರ್ನೇಸ್ ಎಎಎಸ್ (ಅಟಾಮಿಕ್ ಅಬ್ಸಾರ್ಪ್ಶನ್ ಸ್ಪೆಕ್ಟ್ರೋಮೀಟರ್) ಅಂದರೆ ಹನಿ ದ್ರಾವಣವನ್ನು ಪುಟ್ಟ ಗ್ರಾಫೈಟ್ ಟ್ಯೂಬಿನಲ್ಲಿ ಕಾಯಿಸಿ ಆವಿ ಮಾಡಿ, ಆ ಆವಿ ಲ್ಯಾಂಪಿನ ಬೆಳಕನ್ನು ಎಷ್ಟು ಹೀರುತ್ತದೆ ಅಂತ ನೋಡಿ ಲೋಹದ ಪ್ರಮಾಣ ಅಳೆಯುವ ಯಂತ್ರ. ಝೀಮನ್ ಕರೆಕ್ಷನ್ (ಬೇಡದ ಹಿನ್ನೆಲೆ ಹೀರಿಕೆಯನ್ನು ಕಾಂತಕ್ಷೇತ್ರದ ನೆರವಿನಿಂದ ಕಳೆಯುವುದು), ಆಪ್ಟಿಕ್ಸ್, ಸಾಫ್ಟ್‌ವೇರ್ ಎಲ್ಲ ಬ್ರೋಷರಿನಲ್ಲಿ ನೋಡಿರುತ್ತೀರಿ. ಆದರೆ ಈ ಯಂತ್ರದ ಜುಟ್ಟು ಇರುವುದು ಸ್ಯಾಂಪಲ್ಲನ್ನು ತಾನಾಗಿಯೇ ಹಾಕುವ ಆಟೋಸ್ಯಾಂಪ್ಲರಿನ ಸಣ್ಣ ಪ್ಲಾಸ್ಟಿಕ್ ನಳಿಕೆಯ, ಅಂದರೆ ಕ್ಯಾಪಿಲರಿಯ ಕೈಯಲ್ಲಿ. ಅದನ್ನು ಯಾರೂ ಹೇಳುವುದಿಲ್ಲ.

ಆ ತುದಿ ಟ್ಯೂಬಿನ ತೂತಿನೊಳಗೆ ಇಳಿದು 20 ಮೈಕ್ರೋಲೀಟರ್ ಹನಿ ಬಿಡಬೇಕು. ತಳಕ್ಕಿಂತ ತುಸು ಮೇಲೆ ನಿಂತರೆ ಹನಿ ಸರಿಯಾಗಿ ಕೂರುತ್ತದೆ. ಜಾಸ್ತಿ ಮೇಲಿದ್ದರೆ ಕ್ಯಾಪಿಲರಿಗೇ ಅಂಟಿಕೊಂಡು ವಾಪಸ್ ಬರುತ್ತದೆ. ತಳಕ್ಕೆ ತಾಗಿದರೆ ತುದಿ ಬಾಗುತ್ತದೆ. ಆಮೇಲೆ ಒಂದೇ ಸ್ಯಾಂಪಲ್ಲಿನ ಎರಡು ರೀಡಿಂಗ್‌ಗೂ ತಾಳಮೇಳ ಇರುವುದಿಲ್ಲ. ಸಾಫ್ಟ್‌ವೇರ್ ಮಾತ್ರ ಏನೂ ಆಗದವರ ಹಾಗೆ ಅಂಕಿ ಕೊಡುತ್ತಾ ಹೋಗುತ್ತದೆ!

ಹಾಗಾಗಿ ಬೆಳಿಗ್ಗೆ ನನ್ನದೊಂದು ಪೂಜೆ ಇದೆ. ಚಿಲ್ಲರ್ (ಯಂತ್ರ ತಣ್ಣಗಿಡುವ ಘಟಕ), ಆರ್ಗಾನ್ ಅನಿಲ, ಲ್ಯಾಂಪ್ ಆನ್ ಮಾಡುತ್ತೇನೆ. ಲ್ಯಾಂಪ್ ಬಿಸಿಯಾಗುವಷ್ಟರಲ್ಲಿ ಹಲ್ಲಿನ ಡಾಕ್ಟರ್ ಬಳಸುವಂಥ ಪುಟ್ಟ ಕನ್ನಡಿ, ಟಾರ್ಚ್ ಹಿಡಿದು ಟ್ಯೂಬಿನೊಳಗೆ ಇಣುಕುತ್ತೇನೆ. ತುದಿ ಸವೆದಿದ್ದರೆ ಹೊಸ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸುತ್ತೇನೆ. ಮೊದಲ ಹನಿ ಒಣಗುವಾಗ ಕಣ್ಣು ಅಲ್ಲೇ ಇರುತ್ತದೆ. ಸದ್ದಿಲ್ಲದೆ ಆವಿಯಾಗಬೇಕು. ಚಟಪಟ ಸಿಡಿದರೆ ಡ್ರೈಯಿಂಗ್ ತಾಪ ಇಳಿಸಬೇಕು.

ಟ್ಯೂಬಿನ ಖರ್ಚೂ ಕಾಡುತ್ತದೆ. ಕೆಲವು ನೂರು ಫೈರಿಂಗ್ (ಒಂದು ಹನಿಯನ್ನು ಒಣಗಿಸಿ, ಕಾಯಿಸಿ ಅಳೆಯುವ ಒಂದು ಸುತ್ತು) ಆದಮೇಲೆ ಪೀಕ್ (ತೆರೆಯ ಮೇಲೆ ಏಳುವ ಹೀರಿಕೆಯ ಶಿಖರ) ಕುಗ್ಗಿ ಅಗಲವಾಗತೊಡಗುತ್ತದೆ. ಬಜೆಟ್ ಬಿಗಿ ಇರುವ ನಮ್ಮಂಥವರು ಟ್ಯೂಬಿನಲ್ಲಿ ಉಳಿದದ್ದನ್ನು ಸುಟ್ಟು ತೆಗೆಯುವ ಕ್ಲೀನಿಂಗ್ ತಾಪವನ್ನು ಸುಮ್ನೆ ಏರಿಸುವುದಿಲ್ಲ. ಕ್ಯಾಡ್ಮಿಯಂ ಕಡಿಮೆ ತಾಪದಲ್ಲೇ ಆವಿಯಾಗುತ್ತದೆ, ಟ್ಯೂಬಿಗೂ ಆರಾಮ. ಮಾಲಿಬ್ಡಿನಂ, ವನೇಡಿಯಂ ಬಂದರೆ ಟ್ಯೂಬಿನ ಆಯಸ್ಸೇ ಇಳಿಯುತ್ತದೆ.

ಇಷ್ಟೆಲ್ಲ ಬೈದರೂ ಸೀಸದ ಪೀಕ್ ನೋಡಿದ ಕೂಡಲೇ ಕೋಪ ಇಳಿಯುತ್ತದೆ. ಟ್ಯೂಬಿನ ಬದಲು ಜ್ವಾಲೆ ಬಳಸುವ ಫ್ಲೇಮ್ ಎಎಎಸ್‌ನಲ್ಲಿ ಹೀರಿದ ದ್ರಾವಣದ ಬಹುಪಾಲು ಡ್ರೈನಿಗೇ ಹೋಗುತ್ತದೆ, ಅಲ್ವಾ? ಇಲ್ಲಿ ಹನಿಯಲ್ಲಿದ್ದ ಸೀಸವೆಲ್ಲ ಟ್ಯೂಬಿನೊಳಗೇ ಆವಿಯಾಗುತ್ತದೆ. ಆ ಕೆಲವು ಸೆಕೆಂಡು ಒಳಗಿನ ಆರ್ಗಾನ್ ಹರಿವೂ ನಿಲ್ಲುತ್ತದೆ, ಆವಿ ಬೆಳಕಿನ ದಾರಿಯಲ್ಲೇ ತುಸು ಹೊತ್ತು ಉಳಿಯಲಿ ಅಂತ. 283.3 ನ್ಯಾನೋಮೀಟರ್ ತರಂಗಾಂತರದಲ್ಲಿ ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಸೀಸವೂ ಚೂಪಾಗಿ ಎದ್ದು ಕಾಣುತ್ತದೆ. ಸೀಸವನ್ನು ಹಿಡಿದಿಡಲು ಬೆರೆಸುವ ಪಲ್ಲಾಡಿಯಂ ಮಾಡಿಫೈಯರ್ ಮಾತ್ರ ಮರೆಯಬಾರದು. ಇಲ್ಲದಿದ್ದರೆ ಸೀಸ ಆಶಿಂಗ್‌ನಲ್ಲೇ (ಅಳೆಯುವ ಮೊದಲು ಬೇಡದ್ದನ್ನು ಸುಡುವ ಹಂತದಲ್ಲೇ) ಹಾರಿಹೋಗುತ್ತದೆ.

ನಿಧಾನ ಅನ್ನುವ ದೂರು ನಿಜ. ಒಂದು ಫೈರಿಂಗಿಗೆ ಎರಡು ಮೂರು ನಿಮಿಷ, ಅದೂ ಸಾಮಾನ್ಯವಾಗಿ ಒಂದೇ ಧಾತು. ದಿನಾ ಹತ್ತಾರು ಧಾತು ನೋಡುವವರು ಐಸಿಪಿ-ಎಂಎಸ್ (ಪ್ಲಾಸ್ಮಾದಲ್ಲಿ ಅಯಾನು ಮಾಡಿ, ರಾಶಿಯ ಪ್ರಕಾರ ಹಲವು ಧಾತುಗಳನ್ನು ಒಟ್ಟಿಗೆ ಅಳೆಯುವ ಯಂತ್ರ) ಕಡೆಗೇ ಹೋಗಿ. ಅದು ನಿಮಿಷಕ್ಕೆ 15 ಲೀಟರಿಗೂ ಜಾಸ್ತಿ ಆರ್ಗಾನ್ ಕುಡಿಯುತ್ತದೆ. ಕ್ಲೋರೈಡ್ ಇದ್ದರೆ ಆರ್ಸೆನಿಕ್ ಕಾಣುವ ರಾಶಿ 75ರ ಜಾಗದಲ್ಲಿ ಆರ್ಗಾನ್ ಕ್ಲೋರೈಡ್ ಬಂದು ಕೂರುತ್ತದೆ. ಅವರ ತಲೆನೋವು ಅವರಿಗೆ. ನನಗೆ ಬೇಕಿರುವುದು ಸೀಸ, ಕ್ಯಾಡ್ಮಿಯಂ ಅಷ್ಟೇ. ಸ್ಯಾಂಪಲ್ಲೂ ಕಡಿಮೆ. ಇದನ್ನು ಬಿಡುವ ಯೋಚನೆ ಇಲ್ಲ.

ಹೊಸದು ಕೊಳ್ಳುವವರು ಟ್ಯೂಬಿನೊಳಗೆ ನೋಡುವ ಕ್ಯಾಮೆರಾ ಇರುವುದನ್ನೇ ಕೇಳಿ. ಹಣ ಉಳಿಸಲು ಅದನ್ನು ಪಟ್ಟಿಯಿಂದ ತೆಗೆಯಬೇಡಿ. ಬೇಕಾದರೆ ಎರಡು ಲ್ಯಾಂಪ್ ಕಡಿಮೆ ತಗೊಳ್ಳಿ.