ವಯಸ್ಕ ರೋಗಿಗಳ ಶುಶ್ರೂಷೆ ಕಲಿಸುವ ಆನ್‌ಲೈನ್ ಕೋರ್ಸ್: ಒಂದು ವಿಮರ್ಶೆ

ಮೆಡಿಕಲ್-ಸರ್ಜಿಕಲ್ ನರ್ಸಿಂಗ್ (ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆಗೆ ಒಳಗಾದ ವಯಸ್ಕರ ಶುಶ್ರೂಷೆ) ವಿದ್ಯಾರ್ಥಿಗಳಿಗಾಗಿ ರೂಪಿಸಿರುವ ಈ ಕೋರ್ಸಿನಲ್ಲಿ ವಿಡಿಯೊ ಪಾಠಗಳು, ರೋಗಿ-ಪ್ರಕರಣಗಳು ಮತ್ತು ಪ್ರಶ್ನೆಕೋಶ ಇವೆ. ಪಾಠಗಳು ಹೃದಯ, ಶ್ವಾಸಕೋಶ, ಮೂತ್ರಪಿಂಡ ಎಂಬ ಎಂದಿನ ಕ್ರಮದಲ್ಲಿಯೇ ಸಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಪಠ್ಯಪುಸ್ತಕ ಓದಿದವರಿಗೆ ಹೊಸದೇನನ್ನೂ ಹೇಳುವುದಿಲ್ಲ. ಹಣ ಕೊಟ್ಟಿದ್ದು ಸಾರ್ಥಕವೆನಿಸುವುದು ಪ್ರಕರಣಗಳ ವಿಭಾಗದಲ್ಲಿ.

ಇಲ್ಲಿ ರೋಗದ ಹೆಸರನ್ನು ಮೊದಲೇ ಹೇಳುವುದಿಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿಸಿ ವಾರ್ಡಿಗೆ ಬಂದ ರೋಗಿಯ ರಕ್ತದೊತ್ತಡ ಸಹಜವಾಗಿಯೇ ಇರುತ್ತದೆ. ಆದರೆ ನಾಡಿ ಗಂಟೆಗಂಟೆಗೂ ಏರುತ್ತದೆ, ಉಸಿರಾಟ ಚುರುಕಾಗುತ್ತದೆ, ಮೂತ್ರದ ಪ್ರಮಾಣ ಗಂಟೆಗೆ 30 ಮಿಲಿಲೀಟರಿಗಿಂತ ಕೆಳಗಿಳಿಯುತ್ತದೆ, ರೋಗಿ ಕಾರಣ ತೋರದೆ ಚಡಪಡಿಸತೊಡಗುತ್ತಾನೆ. ರಕ್ತದೊತ್ತಡ ಕುಸಿಯುವವರೆಗೆ ಕಾದ ವಿದ್ಯಾರ್ಥಿಗೆ, ಒಳರಕ್ತಸ್ರಾವವನ್ನು ಗುರುತಿಸುವ ಹೊತ್ತು ಯಾವಾಗಲೋ ಮೀರಿತ್ತು ಎಂದು ಕೋರ್ಸ್ ನಿಷ್ಠುರವಾಗಿ ತೋರಿಸಿಕೊಡುತ್ತದೆ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸದೆ ಚಾರ್ಟಿನಲ್ಲಿ 18 ಅಥವಾ 20 ಎಂದು ಬರೆದುಬಿಡುವ ಅಭ್ಯಾಸವನ್ನು ಕಂಡವರಿಗೆ ಈ ಪಾಠದ ಅಗತ್ಯ ತಟ್ಟನೆ ಅರ್ಥವಾಗುತ್ತದೆ.

ಎದೆಗೂಡಿನ ಡ್ರೈನ್ (ಶ್ವಾಸಕೋಶದ ಸುತ್ತ ಸೇರಿದ ಗಾಳಿ ಅಥವಾ ದ್ರವವನ್ನು ಹೊರತೆಗೆಯುವ ಕೊಳವೆ) ಕುರಿತ ವಿಡಿಯೊ ಕೂಡ ಉತ್ತಮವಾಗಿದೆ. ಹೊರಗಿನ ಗಾಳಿ ಎದೆಯೊಳಗೆ ಹೋಗದಂತೆ ತಡೆಯುವ ವಾಟರ್ ಸೀಲ್ ಕೊಳವೆಯ ನೀರು ಉಸಿರಿನೊಡನೆ ಏರಿಳಿಯುವುದು ಸಹಜ, ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ಗಾಳಿ ಸೋರುತ್ತಿರಬಹುದು ಎಂಬ ವ್ಯತ್ಯಾಸವನ್ನು ಚಿತ್ರಗಳಿಗಿಂತ ಚಲನೆಯಲ್ಲಿ ನೋಡುವುದೇ ಸುಲಭ.

ಕೊರತೆಗಳೂ ಇವೆ. ಪ್ರಶ್ನೆಕೋಶವು ಸರಿಯುತ್ತರ ಏಕೆ ಸರಿ ಎಂದು ವಿವರಿಸುತ್ತದೆಯೇ ಹೊರತು ಉಳಿದ ಆಯ್ಕೆಗಳು ಏಕೆ ತಪ್ಪು ಎಂದು ಹೇಳುವುದಿಲ್ಲ. ನಾಲ್ಕೂ ಆಯ್ಕೆಗಳು ಒಪ್ಪುವಂತೆಯೇ ಕಾಣುವ, ಮೊದಲು ಏನು ಮಾಡಬೇಕೆಂದು ಕೇಳುವ ಆದ್ಯತೆಯ ಪ್ರಶ್ನೆಗಳಲ್ಲಿ ಇದು ದೊಡ್ಡ ಲೋಪ. ರೋಗಿಯನ್ನು ಮನೆಗೆ ಕಳುಹಿಸುವ ಮುನ್ನ ನೀಡಬೇಕಾದ ತಿಳುವಳಿಕೆಯ ಭಾಗ ಇನ್ನೂ ಸೊರಗಿದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ 15 ಗ್ರಾಂ ಬೇಗ ಜೀರ್ಣವಾಗುವ ಸಕ್ಕರೆ ಕೊಟ್ಟು 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕೆಂಬ ನಿಯಮ ಇದೆ. ಆದರೆ ಅದನ್ನು ರೋಗಿಗೆ ಹೇಗೆ ತಿಳಿಸಬೇಕು, ಅರ್ಥವಾಯಿತೇ ಎಂದು ಅವರ ಬಾಯಿಂದಲೇ ಹೇಗೆ ಹೇಳಿಸಬೇಕು ಎಂಬುದಿಲ್ಲ.

ಕ್ಲಿನಿಕಲ್ ಪೋಸ್ಟಿಂಗ್ (ಆಸ್ಪತ್ರೆಯ ವಾರ್ಡಿನಲ್ಲಿ ತರಬೇತಿ) ಆರಂಭಿಸಿರುವವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ರೋಗಿಯನ್ನೇ ಕಾಣದ ಮೊದಲ ವರ್ಷದವರಿಗೆ ಪ್ರಕರಣಗಳು ಬೇಗ ರುಚಿಸಲಾರವು. ಡ್ರಿಪ್ ವೇಗ ಮತ್ತು ಔಷಧ ಪ್ರಮಾಣದ ಲೆಕ್ಕಗಳು ಇದರಲ್ಲಿ ಇಲ್ಲವೇ ಇಲ್ಲ. ಅವುಗಳಿಗೆ ಬೇರೆ ಅಭ್ಯಾಸಪುಸ್ತಕವನ್ನೇ ಹುಡುಕಿಕೊಳ್ಳಬೇಕು.