ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ವೋಲ್ಟೇಜ್ ಅಳೆಸಿ

ಆಟೊಮ್ಯಾಟಿಕ್ ಕಾರು ಓಡುತ್ತಿರುವಾಗಲೇ ಒಂದೇ ಗೇರಿಗೆ ಕಚ್ಚಿಕೊಂಡರೆ ಗ್ಯಾರೇಜಿನವರು ಮೊದಲು ಬೆರಳು ತೋರಿಸುವುದು ಗೇರ್‌ಬಾಕ್ಸಿನತ್ತ. ಬ್ಯಾಟರಿಗೆ ಟೆಸ್ಟರ್ ಹಚ್ಚಿ 'ಬ್ಯಾಟರಿ ಚಲೋ ಐತಿ' ಎಂದು ಹೇಳಿದ ಮೇಲಂತೂ ವಿದ್ಯುತ್ತಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬ್ಯಾಟರಿ ಚೆನ್ನಾಗಿದ್ದರೂ ಗೇರಿನ ಕಂಪ್ಯೂಟರಿಗೆ ಸಾಕಷ್ಟು ವೋಲ್ಟೇಜ್ ತಲುಪದೇ ಇರಬಹುದು ಎಂಬುದನ್ನು ನಾನು ಸಾಕಷ್ಟು ಹಣ ತೆತ್ತು ತಿಳಿದುಕೊಂಡೆ.

ಕಳೆದ ಮಳೆಗಾಲದಲ್ಲಿ ಹಾವೇರಿಯಿಂದ ಹುಬ್ಬಳ್ಳಿಗೆ ರಾತ್ರಿ ಮರಳುತ್ತಿದ್ದೆವು. ಹೆಡ್‌ಲೈಟ್, ವೈಪರ್, ಎಸಿ, ಹಿಂದಿನ ಗಾಜಿನ ಹೀಟರ್ ಎಲ್ಲವೂ ಚಾಲೂ ಇದ್ದವು. ಶಿಗ್ಗಾಂವಿ ದಾಟಿದ ಮೇಲೆ ಗೇರು ಒಮ್ಮೆ ಜೋರಾಗಿ ಜಗ್ಗಿ ಮೂರನೆಯದರಲ್ಲೇ ನಿಂತುಬಿಟ್ಟಿತು. ಇಂಜಿನ್ ದೀಪ ಹೊತ್ತಿಕೊಂಡಿತು. ಬದಿಗೆ ನಿಲ್ಲಿಸಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತಿತ್ತು, ಆಮೇಲೆ ಮತ್ತೆ ಅದೇ ಪಾಡು. ಬ್ರೇಕ್ ಒತ್ತಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿದ್ದುದನ್ನು ಗಮನಿಸಿದ್ದೆ, ಮರುದಿನ ವರ್ಕ್‌ಶಾಪಿನಲ್ಲಿ ಹೇಳಿಯೂ ಇದ್ದೆ. ಆದರೆ ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು 'ಗೇರ್ ಜರ್ಕ್' ಎಂಬೆರಡೇ ಪದ.

ನಗರದ ಆ ದೊಡ್ಡ ವರ್ಕ್‌ಶಾಪಿನವರು ಸ್ಕ್ಯಾನರ್ ಹಚ್ಚಿ, ಸೊಲೆನಾಯ್ಡ್‌ಗಳ, ಅಂದರೆ ಗೇರ್ ಆಯಿಲಿನ ಒತ್ತಡ ನಿಯಂತ್ರಿಸುವ ವಿದ್ಯುತ್ ವಾಲ್ವುಗಳ, ದೋಷದ ಕೋಡ್ ಬಂದಿದೆ ಎಂದು ಹೇಳಿ ಗೇರ್ ಆಯಿಲ್ ಬದಲಿಸಿ, ಕೋಡ್ ಅಳಿಸಿ, ಹಗಲು ಹೊತ್ತಿನಲ್ಲಿ ಒಂದು ಸುತ್ತು ಓಡಿಸಿ ಕಾರು ಒಪ್ಪಿಸಿದರು. ಮುಂದಿನ ಮಳೆಗೆ ಅದೇ ತೊಂದರೆ ಮರುಕಳಿಸಿತು. ಈ ಸಲ ಆ ವಾಲ್ವುಗಳು ಕೂರುವ ವಾಲ್ವ್ ಬಾಡಿ ಹಾಗೂ ಗೇರಿನ ಕಂಪ್ಯೂಟರ್ ಎರಡನ್ನೂ ಬದಲಿಸಬೇಕೆಂದು ಲಕ್ಷ ಮೀರಿದ ಅಂದಾಜು ಪಟ್ಟಿ ಕೈಗಿತ್ತರು. ಎಲೆಕ್ಟ್ರಾನಿಕ್ ಭಾಗ ಒಮ್ಮೆ ಹಾಕಿದ ಮೇಲೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಸಾಲು ಕೆಳಗೆ ಸಣ್ಣಕ್ಷರದಲ್ಲಿತ್ತು.

ಕೋಡ್‌ಗಳ ಪೂರ್ಣ ಪಟ್ಟಿಯನ್ನು ಪ್ರಿಂಟ್ ಕೊಡಿ ಎಂದು ಹಟ ಹಿಡಿದದ್ದರಿಂದ ಸಂಗತಿ ಹೊರಬಿತ್ತು. ಪಟ್ಟಿಯಲ್ಲಿ ಪಿ 0700 ಇತ್ತು; ಅದು ಗೇರಿನ ವ್ಯವಸ್ಥೆಯಲ್ಲಿ ಏನೋ ದೋಷವಿದೆ ಎಂದು ಸೂಚಿಸುತ್ತದೆಯೇ ಹೊರತು ಯಾವ ದೋಷವೆಂದು ಹೇಳುವುದಿಲ್ಲ. ಅದರ ಜೊತೆಗೇ ಪಿ 0562 ಕೂಡ ಇತ್ತು, ಅಂದರೆ ಸಿಸ್ಟಮ್ ವೋಲ್ಟೇಜ್ ಕಡಿಮೆ. ಇದರ ಬಗ್ಗೆ ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಗೇರ್ ಬದಲಿಸುವ ಆಯಿಲ್ ಒತ್ತಡವನ್ನು ಸೊಲೆನಾಯ್ಡ್‌ಗಳು ನಿಯಂತ್ರಿಸುತ್ತವೆ. ಅವುಗಳಿಗೆ ಕರೆಂಟ್ ಕೊಡುವುದು ಟಿಸಿಎಂ ಎಂಬ ಗೇರ್ ಕಂಪ್ಯೂಟರ್. ವೋಲ್ಟೇಜ್ ಒಂದು ಮಿತಿಗಿಂತ ಕೆಳಗಿಳಿದರೆ ಸೊಲೆನಾಯ್ಡ್‌ಗಳನ್ನು ನಂಬಿಕೆಯಿಂದ ನಡೆಸಲಾಗದೆಂದು ಅದು ಅವುಗಳ ಕರೆಂಟನ್ನು ಕಡಿದು, ಕಾರು ಹೇಗೋ ಮನೆ ಮುಟ್ಟಲೆಂದು ಒಂದೇ ಗೇರಿನಲ್ಲಿ ನಿಲ್ಲಿಸುತ್ತದೆ. ಹಾಗಾಗಿ ಸೊಲೆನಾಯ್ಡ್ ಕೋಡ್‌ಗಳು ರೋಗವಲ್ಲದೆ ರೋಗದ ಲಕ್ಷಣವಾಗಿರಬಹುದು.

ಆ ಪ್ರಿಂಟ್ ಹಿಡಿದು ಗೋಕುಲ ರಸ್ತೆಯ ಒಬ್ಬ ಹಳೆಯ ಆಟೊ ಎಲೆಕ್ಟ್ರಿಷಿಯನ್ ಬಳಿ ಹೋದೆ. "ಸರ, ಗೇರ್‌ಬಾಕ್ಸ್ ಬಿಚ್ಚೂದು ಕಡೀಗ್ರಿ, ಮೊದ್ಲ ಅರ್ಥ್ ನೋಡೂಣ್ರಿ" ಎಂದು ಅವರು ಮಲ್ಟಿಮೀಟರ್ ತೆಗೆದರು. ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್ ತುದಿಗೆ ಮರಳುವ ದಾರಿಯೇ ಈ ಅರ್ಥ್. ಇಂಜಿನ್ ಚಾಲೂ ಇಟ್ಟು ಬ್ಯಾಟರಿಯ ಮೇಲೆ ಅಳೆದಾಗ 14.1 ವೋಲ್ಟ್ ಬಂತು. ಡೈನಮೋ ಸರಿಯಾಗಿಯೇ ಚಾರ್ಜ್ ಮಾಡುತ್ತಿತ್ತು. ಆಮೇಲೆ ಆ ರಾತ್ರಿ ಇದ್ದ ಹಾಗೆ ಹೆಡ್‌ಲೈಟ್, ಎಸಿ, ಹೀಟರ್ ಎಲ್ಲ ಹಾಕಿಸಿ, ಟಿಸಿಎಂನ ಪ್ಲಗ್ಗಿನ ಹಿಂದೆ ಅಳೆದರು. ಅಲ್ಲಿ ಸಿಕ್ಕಿದ್ದು 10.6 ಮಾತ್ರ. ಬ್ಯಾಟರಿಯ ನೆಗೆಟಿವ್ ಮತ್ತು ಕಾರಿನ ಬಾಡಿಯ ನಡುವೆ 0.2 ವೋಲ್ಟಿಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದು. ನನ್ನ ಕಾರಿನಲ್ಲಿ ಅದು 3.3 ಇತ್ತು.

ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿ ಪ್ಲಾಸ್ಟಿಕ್ ಸುಲಿದಾಗ ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಬೆರಳಿಗೆ ಅಂಟಿಕೊಂಡವು. ಉಳಿದ ಕೆಲವೇ ಎಳೆಗಳು ಕಡಿಮೆ ಕರೆಂಟನ್ನು ಹೇಗೋ ತಾಳಿಕೊಳ್ಳುತ್ತಿದ್ದವು, ದೀಪ ಮತ್ತು ಬ್ಲೋವರ್ ಸೇರಿದ ಕೂಡಲೇ ಸೋಲುತ್ತಿದ್ದವು. ಹಗಲಿನ ಟೆಸ್ಟ್ ಡ್ರೈವಿನಲ್ಲಿ ತೊಂದರೆ ಕಾಣಿಸದೇ ಹೋದದ್ದು ಇದಕ್ಕೇ. ಮೇಲಿನ ಟ್ಯಾಂಕ್ ತುಂಬಿದ್ದರೂ ಪೈಪ್ ಕಟ್ಟಿಕೊಂಡಿದ್ದರೆ ನಲ್ಲಿಗೆ ನೀರು ಬಾರದಂತೆ, ಬ್ಯಾಟರಿಯನ್ನಷ್ಟೇ ಪರೀಕ್ಷಿಸಿದರೆ ಈ ದೋಷ ಎಂದೂ ಸಿಗದು. ಹೊಸ ಪಟ್ಟಿ ಹಾಕಿ, ಅದು ಕೂರುವ ಜಾಗದ ಪೇಂಟನ್ನು ಲೋಹ ಕಾಣುವಷ್ಟು ಉಜ್ಜಿ, ಬಿಗಿ ಮಾಡಿದ ಮೇಲೆ ಗೇರು ಸರಿಹೋಯಿತು. ಅವರು ತೆಗೆದುಕೊಂಡ ಮಜೂರಿ ವರ್ಕ್‌ಶಾಪಿನ ಗೇರ್ ಆಯಿಲ್ ಬಿಲ್ಲಿನ ಬಿಡಿಗಾಸೂ ಅಲ್ಲ.

ಆದ್ದರಿಂದ ಅಂದಾಜು ಪಟ್ಟಿಗೆ ಸಹಿ ಹಾಕುವ ಮೊದಲು, ಎಲ್ಲ ಲೋಡ್ ಹಾಕಿದಾಗ ಟಿಸಿಎಂ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬಂತೆಂದು ಜಾಬ್ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಕೋಡ್ ಅಳಿಸುವ ಮುನ್ನವೇ ಪ್ರಿಂಟ್ ಪಡೆಯಿರಿ. ದೋಷ ಬಂದ ಗಳಿಗೆಯ ವೋಲ್ಟೇಜನ್ನು ಹಲವು ಕಾರುಗಳು ಕೋಡಿನ ಜೊತೆಗೇ ದಾಖಲಿಸಿರುತ್ತವೆ, ಅಳಿಸಿದರೆ ಆ ಸಾಕ್ಷಿಯೂ ಹೋಗುತ್ತದೆ. ಬಿಲ್ಲು, ಜಾಬ್ ಕಾರ್ಡ್ ಜೋಪಾನವಾಗಿಡಿ. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಲು ಅವು ಬೇಕಾಗುತ್ತವೆ. ಡೈನಮೋ ಪರೀಕ್ಷೆಯೆಂದು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಳಚಲು ಬರುವವರು ಈಗಲೂ ಇದ್ದಾರೆ, ಅವರನ್ನು ಅಲ್ಲಿಯೇ ತಡೆಯಿರಿ. ಹಾಗೆ ಕಳಚಿದ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ, ಅದುವರೆಗೆ ಸರಿಯಿದ್ದ ಟಿಸಿಎಂ ನಿಜವಾಗಿಯೇ ಸುಟ್ಟುಹೋಗಬಹುದು.