ಹಳೆ ಬೋಟಿನ ಕರೆಂಟ್ ತೊಂದರೆಗೆ ಡಿಸಿ ಕ್ಲ್ಯಾಂಪ್ ಮೀಟರ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಗಂಗೊಳ್ಳಿಯಲ್ಲಿ ಅಪ್ಪನ ಕಾಲದಿಂದ ಇರುವ ಮರದ ಟ್ರಾಲ್ ಬೋಟು. ಎಂಜಿನ್ನಿಗೆ 24 ವೋಲ್ಟ್, ಅಂದರೆ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದು. 2022ರ ಜುಲೈಯಲ್ಲಿ, ಬೋಟು ಇಳಿಸುವ ಮೊದಲು, ಈ ಮೀಟರ್ ಕೊಂಡೆ. ವೋಲ್ಟ್ ಅಳೆಯುವುದರ ಜೊತೆಗೆ, ವಯರ್ ಬಿಚ್ಚದೆ ಅದರ ಸುತ್ತ ಕ್ಲ್ಯಾಂಪ್ ಹಾಕಿದರೆ ಒಳಗೆ ಹರಿಯುವ ಬ್ಯಾಟರಿ ಕರೆಂಟನ್ನೂ (ಡಿಸಿ) ತೋರಿಸುತ್ತದೆ. ಬೆಲೆ ಸುಮಾರು ಮೂರೂವರೆ ಸಾವಿರ. ಅದಕ್ಕೂ ಹಿಂದಿನ ಮೂರು ವರ್ಷದಲ್ಲಿ ಎರಡು ಸಲ ಬ್ಯಾಟರಿ ಜೋಡಿ ಬದಲಿಸಿದ್ದೆ, ಪ್ರತಿ ಸಲವೂ 30 ಸಾವಿರದ ಹತ್ತಿರ. ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದರೆ ಬೋಟು ನಡೆಸುವ ತಂಡೇಲರದ್ದು ಒಂದೇ ಮಾತು: "ಬ್ಯಾಟ್ರಿ ಹೋಯ್ತ್ ಮಾರಾಯ್ರೆ, ಹೊಸ್ದ್ ತರ್ಕ್." ನಾನೂ ತರುತ್ತಿದ್ದೆ.

ಮೀಟರ್ ಬಂದ ಮೊದಲ ವಾರವೇ ಗೊತ್ತಾಯಿತು, ತಪ್ಪು ಬ್ಯಾಟರಿಯದ್ದಲ್ಲ. ಎಂಜಿನ್ ಚಾಲೂ ಮಾಡಿ ಎರಡೂ ಬ್ಯಾಟರಿಯ ತುದಿಗೆ ಮೀಟರಿನ ಮುಳ್ಳು (ವಯರಿನ ತುದಿಯ ಚೂಪು ಕಡ್ಡಿ) ಇಟ್ಟರೆ 28.2 ವೋಲ್ಟ್, ಡೈನಮೋ ಸರಿಯಾಗಿ ಚಾರ್ಜ್ ಕೊಡುತ್ತಿದೆ. ಆದರೆ ಒಂದೊಂದನ್ನೇ ಬೇರೆಯಾಗಿ ನೋಡಿದಾಗ ಒಂದರಲ್ಲಿ 13.3, ಇನ್ನೊಂದರಲ್ಲಿ 14.9. ಎರಡೂ ಹೆಚ್ಚುಕಡಿಮೆ ಸಮ ಇರಬೇಕಿತ್ತು. ಯಾಕೆಂದು ಬಹಳ ಹೊತ್ತು ತಲೆ ಕೆಡಿಸಿಕೊಂಡೆ. ಕೊನೆಗೆ ವಯರ್ ಹಿಡಿದುಕೊಂಡು ಹೋದರೆ, ಎಷ್ಟೋ ವರ್ಷದ ಹಿಂದೆ ವೈರ್‌ಲೆಸ್ ಸೆಟ್ ಹಾಕಿದವರು ಅದಕ್ಕೆ 12 ವೋಲ್ಟ್ ಬೇಕೆಂದು ಒಂದೇ ಬ್ಯಾಟರಿಯಿಂದ ಲೈನ್ ಎಳೆದಿದ್ದರು. ಆಮೇಲೆ ಅದೇ ಲೈನಿಗೆ ಜಿಪಿಎಸ್, ಫಿಶ್ ಫೈಂಡರ್, ಮೊಬೈಲ್ ಚಾರ್ಜರ್ ಎಲ್ಲ ಸೇರಿದವು. ಆ ಬ್ಯಾಟರಿ ಯಾವತ್ತೂ ಅರೆಹೊಟ್ಟೆ. ಅದರ ಜೊತೆಯದ್ದಕ್ಕೆ ಹೆಚ್ಚಾಗಿ ಚಾರ್ಜ್ ಆಗಿ ನೀರು ಕುದಿದು ಆರುತ್ತಿತ್ತು. ಬೋಟಿನಲ್ಲಿ ಕೆಲಸ ಮಾಡುವ ಕಲಾಸಿಗಳು ವಾರವಾರ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದದ್ದೂ ಅದೊಂದಕ್ಕೇ, ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಎರಡನ್ನೂ ಬಿಚ್ಚಿ ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಒಂದನ್ನು ಹಾಕಿಸಿದೆ. ಈಗ ಸಾಮಾನುಗಳೆಲ್ಲ ಎರಡೂ ಬ್ಯಾಟರಿಯಿಂದ ಸಮನಾಗಿ ಎಳೆಯುತ್ತವೆ. ಆವತ್ತಿನ ಜೋಡಿಯೇ ಇಂದಿಗೂ ಬೋಟಿನಲ್ಲಿದೆ.

ವೈರ್‌ಲೆಸ್ ವಿಷಯ ಇನ್ನೂ ಗಂಭೀರ. ಕೇಳಿಸುತ್ತಿತ್ತು, ಆದರೆ ಮಾತಾಡಲು ಮೈಕ್ ಒತ್ತಿದ ಕೂಡಲೇ ಸೆಟ್ ಆಫ್ ಆಗುತ್ತಿತ್ತು. ಸಮುದ್ರದ ಮಧ್ಯೆ ಆಳುಗಳಿರುವ ಬೋಟಿನಲ್ಲಿ ಇದು ಸಣ್ಣ ಮಾತಲ್ಲ. ಸೆಟ್ ಕೆಟ್ಟಿದೆ, ಬೇರೆ ತನ್ನಿ ಎಂದೇ ಎಲ್ಲರೂ ಹೇಳಿದ್ದು. ಸೆಟ್ಟಿನ ಹಿಂದೆ ಅಳೆದರೆ 12.5 ವೋಲ್ಟ್, ಏನೂ ದೋಷವಿಲ್ಲ. ವಯರ್ ತುಂಡಾಗಿಲ್ಲದಿದ್ದರೆ ಸದ್ದು ಮಾಡುವ ಬೀಪ್ ಹಾಕಿ ನೋಡಿದರೆ ಅದೂ ಬೀಪ್ ಅನ್ನುತ್ತಿತ್ತು. ಮೈಕ್ ಒತ್ತಿ ಹಿಡಿದು ಅಳೆದಾಗಲೇ ನಿಜ ಕಂಡದ್ದು: 10 ವೋಲ್ಟಿಗೆ ಕುಸಿಯಿತು. 25 ವಾಟಿನ ಸೆಟ್ ಮಾತಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ, ಸುಮ್ಮನಿದ್ದಾಗ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಹಾಗಾಗಿ ಲೋಡ್ ಇಲ್ಲದಾಗ ಕೊಳೆತ ವಯರೂ ಚೆನ್ನಾಗಿರುವಂತೆ ತೋರುತ್ತದೆ.

ಉದ್ದ ವಯರ್ ಕಟ್ಟಿಕೊಂಡು ಒಂದು ಮುಳ್ಳು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಸೆಟ್ಟಿನ ಪ್ಲಸ್ಸಿಗೆ ಇಟ್ಟು ತಮ್ಮನಿಗೆ ಮೈಕ್ ಒತ್ತಲು ಹೇಳಿದೆ. ವಯರ್ ಸರಿಯಿದ್ದರೆ ಸೊನ್ನೆಯ ಹತ್ತಿರ ಇರಬೇಕು. 0.2 ವೋಲ್ಟ್. ಮೈನಸ್ಸಿಗೂ ಹಾಗೇ ಮಾಡಿದೆ. 2.1! ಅಲ್ಲಿಂದ ಮುಂದೆ ಹುಡುಕುವುದು ಕಷ್ಟವಾಗಲಿಲ್ಲ. ಕ್ಯಾಬಿನ್ ಹಲಗೆಯ ಹಿಂದೆ ಎರಡು ವಯರನ್ನು ಬರೀ ತಿರುಚಿ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಪುಡಿ. ಬೆರಳಲ್ಲಿ ಮುಟ್ಟಿದ್ದಕ್ಕೆ ಉದುರಿತು. ಮೂರೋ ನಾಲ್ಕೋ ಎಳೆ ಉಳಿದಿತ್ತು, ಬೀಪ್ ಬರಲು ಅಷ್ಟು ಸಾಕು. ತವರ ಲೇಪಿಸಿದ ತಾಮ್ರದ ವಯರ್ ತಂದು, ಲಗ್ ಒತ್ತಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿದ್ದೇನೆ. ಮೂರು ಮಳೆಗಾಲ ಕಳೆದರೂ ಆ ಜಾಯಿಂಟ್ ಹಾಗೇ ಇದೆ.

ಇಷ್ಟಕ್ಕೆ ಸಾಮಾನ್ಯ ಮಲ್ಟಿಮೀಟರ್ ಸಾಕಾಗುತ್ತಿತ್ತು ಎಂದು ನೀವು ಕೇಳಬಹುದು. ಹೌದು, ಸಾಕಾಗುತ್ತಿತ್ತು. ಕ್ಲ್ಯಾಂಪ್ ಬೇಕಾದದ್ದು ಜೂನ್, ಜುಲೈ ತಿಂಗಳ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಬೋಟು ಕಟ್ಟಿಟ್ಟಾಗ. ಎಲ್ಲ ಸ್ವಿಚ್ ಆಫ್, ಎಲ್ಲ ಫ್ಯೂಸ್ ತೆಗೆದಿಟ್ಟಿದ್ದೇನೆ, ಆದರೂ ಬ್ಯಾಟರಿ ವಯರಿನಲ್ಲಿ 0.4 ಆಂಪಿಯರ್ ಹರಿಯುತ್ತಿತ್ತು. ದಿನಕ್ಕೆ ಹತ್ತು ಆಂಪಿಯರ್ ಅವರ್ ಹತ್ತಿರ ಹೋಯಿತು, ನಮ್ಮ 150 ಆಂಪಿಯರ್ ಅವರಿನ ಬ್ಯಾಟರಿ ಹದಿನೈದು ದಿನದಲ್ಲಿ ಖಾಲಿ. ಫ್ಯೂಸ್ ಇಲ್ಲದೆ ನೇರ ಹೋಗಿರುವುದು ಸೆಲ್ಫ್ ಮತ್ತು ಡೈನಮೋ ಮಾತ್ರ. ಡೈನಮೋ ವಯರಿಗೆ ಕ್ಲ್ಯಾಂಪ್ ಹಾಕಿದೆ, ಅದೇ 0.4. ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಒಳಗಿನ ಡಯೋಡ್ ಸೋರುತ್ತಿತ್ತು. ಒಂದು ವಯರನ್ನೂ ಬಿಚ್ಚದೆ ಇಷ್ಟು ಗೊತ್ತಾದದ್ದು ದೊಡ್ಡ ಉಪಕಾರ. ಹಳೆ ಬೋಟಿನ ತುಕ್ಕು ಹಿಡಿದ ನಟ್ಟು ಒಂದು ಬಿಚ್ಚಲು ಹೋದರೆ ಇನ್ನೆರಡು ಮುರಿಯುತ್ತವೆ, ಅನುಭವಿಸಿದವರಿಗೆ ಗೊತ್ತು.

ಇನ್ನು ಕೊರತೆಗಳು. ಉಪ್ಪುಗಾಳಿಗೆ ಮುಳ್ಳುಗಳ ತುದಿ ಆರೇ ತಿಂಗಳಲ್ಲಿ ಕಪ್ಪಾಯಿತು, ಎರಡನೇ ವರ್ಷ ಬೇರೆ ಜೋಡಿ ಕೊಂಡೆ. ಸೆಲ್ ಕೂರುವ ಸ್ಪ್ರಿಂಗ್ ಕೂಡ ಒಮ್ಮೆ ತುಕ್ಕು ಹಿಡಿದಿತ್ತು. ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಲು ಶುರು ಮಾಡಿದ ಮೇಲೆ ಆ ತೊಂದರೆ ಬಂದಿಲ್ಲ. ಸಣ್ಣ ಕರೆಂಟ್ ಅಳೆಯುವ ಮೊದಲು ಪ್ರತಿ ಸಲ ಝೀರೋ ಬಟನ್ ಒತ್ತಲೇಬೇಕು. ಮರೆತರೆ ಇಲ್ಲದ ಸೋರಿಕೆ ತೋರಿಸುತ್ತದೆ, ಎಂಜಿನ್ನಿನ ಕಬ್ಬಿಣದ ಹತ್ತಿರವಂತೂ ಇನ್ನೂ ಹೆಚ್ಚು. ಸೆಲ್ಫ್ ಎಳೆಯುವ ಕರೆಂಟ್ ಇದರಲ್ಲಿ ನೋಡಲಾಗದು. ಇದರ ಮಿತಿ 100 ಆಂಪಿಯರ್, ಸೆಲ್ಫ್ ಎಳೆಯುವುದು ಅದರ ಎಷ್ಟೋ ಪಟ್ಟು. ಒಟ್ಟು ಐದಕ್ಕೆ ನಾಲ್ಕು ಕೊಡುತ್ತೇನೆ.

ಕೊಳ್ಳುವವರು ಒಂದು ಮಾತ್ರ ಜಾಗ್ರತೆ. ಅಗ್ಗದ ಕ್ಲ್ಯಾಂಪ್ ಮೀಟರ್ ಬಹಳಷ್ಟು ಮನೆಯ ಎಸಿ ಕರೆಂಟ್ ಮಾತ್ರ ಅಳೆಯುತ್ತವೆ. ಡಿಸಿ ಎಂದು ಬರೆದಿದ್ದರೂ ಅದು ವೋಲ್ಟಿಗೆ ಸೀಮಿತ, ಆಂಪಿಯರಿಗಲ್ಲ. ಅಂಗಡಿಯ ಮುಂದೆ ನಿಲ್ಲಿಸಿದ ಬೈಕಿನ ಬ್ಯಾಟರಿ ವಯರ್ ಒಂದಕ್ಕೆ ಕ್ಲ್ಯಾಂಪ್ ಹಾಕಿ, ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ ಬ್ರೇಕ್ ಹಿಡಿದು ಹಿಂದಿನ ದೀಪ ಹೊತ್ತಿಸಿ ನೋಡಿ. ಅಂಕಿ ಏರಿದರೆ ತನ್ನಿ, ಸೊನ್ನೆಯಲ್ಲೇ ನಿಂತರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.